ಪ್ರೀಮೆಡ್ ಮಗಳಿಗೆ ಮೊದಲ ಸೆಮಿಸ್ಟರ್ ಯಾವ ಕೋರ್ಸು ಹಾಕಿಸೋದು? ಮನೆಯಲ್ಲಿ ಒಮ್ಮತ ಇಲ್ಲ

ಹೇಮಾವತಿ_ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಈ ಆಗಸ್ಟ್‌ಗೆ ಟೆಕ್ಸಸ್‌ನ ಒಂದು ಸರ್ಕಾರಿ ಯೂನಿವರ್ಸಿಟಿಗೆ ಸೇರುತ್ತಾಳೆ. ಡಾಕ್ಟರ್ ಆಗಬೇಕು ಅನ್ನೋದು ಅವಳದೇ ಆಸೆ, ನಾವು ಹೇರಿದ್ದಲ್ಲ. ಇಲ್ಲಿ ಮೊದಲು ಒಂದು ಡಿಗ್ರಿ, ಆಮೇಲೆ ಮೆಡಿಕಲ್. ಆ ತಯಾರಿಯ ಓದಿಗೇ ಪ್ರೀಮೆಡ್ ಅನ್ನುತ್ತಾರೆ. ಮುಂದಿನ ವಾರ ಓರಿಯೆಂಟೇಶನ್. ಕೋರ್ಸ್ ರಿಜಿಸ್ಟ್ರೇಶನ್ ಕೂಡ ಅಲ್ಲೇ ಆಗುತ್ತದೆ.

ನಮ್ಮ ಯಜಮಾನರು ಒಂದು ಪಟ್ಟಿ ಮಾಡಿಟ್ಟಿದ್ದಾರೆ. ಆನರ್ಸ್ ಕೆಮಿಸ್ಟ್ರಿ, ಬಯಾಲಜಿ, ಕ್ಯಾಲ್ಕುಲಸ್ 2, ಫಿಸಿಕ್ಸ್, ಅವುಗಳ ಲ್ಯಾಬ್‌ಗಳು, ಎಲ್ಲಾ ಸೇರಿ 18 ಕ್ರೆಡಿಟ್. ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಬಯೋಕೆಮಿಸ್ಟ್ರಿ. ಕಷ್ಟದ ಕೋರ್ಸು ತೆಗೆದುಕೊಂಡರೆ ಮೆಡಿಕಲ್ ಕಾಲೇಜಿನವರು ಮೆಚ್ಚುತ್ತಾರೆ ಅನ್ನೋದು ಅವರ ವಾದ. ಮಗಳಿಗೆ ಆಂಥ್ರಪಾಲಜಿ ಮೇಜರ್ ಮಾಡಿಕೊಂಡು ಸೈನ್ಸ್ ಕೋರ್ಸುಗಳನ್ನು ಪಕ್ಕದಲ್ಲಿ ಮುಗಿಸುವ ಯೋಚನೆ. ಇಬ್ಬರೂ ನನ್ನ ಮುಖ ನೋಡುತ್ತಾರೆ. ನಾನು ಬೆಂಗಳೂರಲ್ಲಿ ಬಿ.ಕಾಂ. ಓದಿದವಳು, ಇಲ್ಲಿಯ ಪದ್ಧತಿ ಗೊತ್ತಿಲ್ಲ.

ಹೈಸ್ಕೂಲಲ್ಲಿ ಎಪಿ (ಕಾಲೇಜು ಮಟ್ಟದ ಪರೀಕ್ಷೆ, 5ಕ್ಕೆ ಅಂಕ) ಬಯಾಲಜಿಯಲ್ಲಿ 5, ಕೆಮಿಸ್ಟ್ರಿಯಲ್ಲಿ 4, ಕ್ಯಾಲ್ಕುಲಸ್‌ನಲ್ಲಿ 5 ಬಂದಿದೆ. ಆ ಕ್ರೆಡಿಟ್ ಬಳಸಿಕೊಳ್ಳಬೇಕಾ, ಬಿಡಬೇಕಾ? ಈ ದಾರಿಯಲ್ಲಿ ಹೋದ ಮಕ್ಕಳಿರುವವರು ದಯವಿಟ್ಟು ಹೇಳಿ.

ಕಾಫಿತೋಟ:
ಅಕ್ಕಾ, 18 ಬೇಡವೇ ಬೇಡ. ನಾನು ಟೆಕ್ಸಸ್‌ನಲ್ಲೇ ಮೆಡಿಕಲ್ ಎರಡನೇ ವರ್ಷದಲ್ಲಿದ್ದೇನೆ. ಮೊದಲ ಸೆಮಿಸ್ಟರ್‌ಗೆ 13-14 ಸಾಕು. ಲ್ಯಾಬ್ ಇರುವ ಸೈನ್ಸ್ ಒಂದು, ತುಂಬಾ ಆದರೆ ಎರಡು. ಹೊಸ ಊರು, ರೂಮ್‌ಮೇಟ್, ಊಟ ನಿದ್ದೆ ಎಲ್ಲಾ ಬದಲಾಗುವ ಹೊತ್ತು ಅದು. ಮದುವೆ ಊಟದಲ್ಲಿ ಇರೋಬರೋದನ್ನೆಲ್ಲ ಒಂದೇ ಸಲ ಎಲೆಗೆ ಬಡಿಸಿಕೊಂಡರೆ ಯಾವುದರ ರುಚಿಯೂ ಸಿಗುವುದಿಲ್ಲ ನೋಡಿ, ಇದೂ ಹಾಗೇ.

ಇನ್ನೊಂದು ವಿಷಯ ಭಾವನವರಿಗೆ ತಿಳಿಸಿ. ಹೈಸ್ಕೂಲಿನಲ್ಲಿ ಆನರ್ಸ್, ಎಪಿ ಕ್ಲಾಸಿಗೆ ಜಾಸ್ತಿ ತೂಕ ಕೊಟ್ಟು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುತ್ತಾರೆ. ಮೆಡಿಕಲ್ ಅರ್ಜಿಯಲ್ಲಿ ಹಾಗಿಲ್ಲ. ಆನರ್ಸ್ ಕೆಮಿಸ್ಟ್ರಿಯಲ್ಲಿ ಬಂದ ಬಿ ಕೂಡ ಬಿ, ಸಾಮಾನ್ಯ ಕೆಮಿಸ್ಟ್ರಿಯಲ್ಲಿ ಬಂದ ಬಿ ಕೂಡ ಬಿ. ಎಂಡಿ (ಊರಿನ ಎಂಬಿಬಿಎಸ್ ಇದ್ದ ಹಾಗೆ) ಸೇರುವವರ ಸರಾಸರಿ ಜಿಪಿಎ 4ಕ್ಕೆ 3.7ಕ್ಕಿಂತ ಮೇಲಿದೆ. ಮೊದಲ ಸೆಮಿಸ್ಟರ್‌ನಲ್ಲೇ 3.0 ಬಂದರೆ ಅದನ್ನು ಮೇಲೆತ್ತಲು ಉಳಿದ ವರ್ಷಗಳೆಲ್ಲ ಒದ್ದಾಡಬೇಕು.

ಮಲೆನಾಡಿಗ_ಹ್ಯೂಸ್ಟನ್:
ನಾನು ಒಪ್ಪುವುದಿಲ್ಲ. ಸುಲಭದ್ದನ್ನೇ ಆರಿಸಿಕೊಂಡು 4.0 ತಂದರೆ ಕಮಿಟಿಯವರಿಗೆ ತಿಳಿಯುವುದಿಲ್ಲವೇ? ಅವರು ವರ್ಷಕ್ಕೆ ಸಾವಿರಾರು ಅರ್ಜಿ ಓದುವವರು. ಟ್ರಾನ್ಸ್‌ಕ್ರಿಪ್ಟ್ ನೋಡಿದರೆ ಯಾರು ಕಷ್ಟಪಟ್ಟಿದ್ದಾರೆ, ಯಾರು ತಪ್ಪಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಮೆಡಿಕಲ್ ಸೇರಿದ ಮೇಲೆ ಓದಿನ ಹೊರೆ ಇದಕ್ಕಿಂತ ಹೆಚ್ಚು. ಈಗಲೇ 13 ಕ್ರೆಡಿಟ್‌ಗೆ ಸುಸ್ತಾದರೆ ಆಮೇಲೆ ಏನು ಗತಿ?

ಕಾಫಿತೋಟ:
ಸರ್, ನಾನು ಮೊದಲ ಸೆಮಿಸ್ಟರ್ ಬಗ್ಗೆ ಮಾತ್ರ ಹೇಳಿದ್ದು. ಎರಡನೇ ವರ್ಷದಿಂದ 15-16 ಮಾಡಲಿ. ಓದುವ ಅಭ್ಯಾಸ ಕೂತ ಮೇಲೆ ಎರಡು ಮೂರು ಸೈನ್ಸ್ ಒಟ್ಟಿಗೆ ಮಾಡಿ ತೋರಿಸುವುದು ಒಳ್ಳೆಯದೇ. ಆಮ್ಕಾಸ್, ಅಂದರೆ ದೇಶದ ಬಹುಪಾಲು ಎಂಡಿ ಕಾಲೇಜುಗಳಿಗೆ ಹಾಕುವ ಒಂದೇ ಅರ್ಜಿ, ಅದರಲ್ಲಿ ಜಿಪಿಎಯನ್ನು ಫ್ರೆಶ್‌ಮನ್, ಸೋಫೊಮೋರ್ ಅಂತ ವರ್ಷವಾರು ಬಿಡಿಸಿ ತೋರಿಸುತ್ತಾರೆ. ಏರುತ್ತಾ ಹೋಗಿದೆಯಾ ಇಳಿಯುತ್ತಾ ಹೋಗಿದೆಯಾ ಒಂದೇ ನೋಟಕ್ಕೆ ಕಾಣುತ್ತದೆ.

ತೆಂಗಿನಗರಿ:
ಬಯಾಲಜಿ ಮೇಜರ್ ಇಲ್ಲದೆ ಮೆಡಿಕಲ್ ಸೀಟು ಹೇಗೆ ಸಿಗುತ್ತದೆ? ಆಂಥ್ರಪಾಲಜಿ ಓದಿ ಡಾಕ್ಟರಾ?

ರಂಗೋಲಿ:
ಸಿಗುತ್ತದೆ. ನಾವು ನ್ಯೂಜೆರ್ಸಿ. ದೊಡ್ಡ ಮಗಳು ಹಿಸ್ಟರಿ ಮೇಜರ್ ಮಾಡಿ ಈಗ ಮೆಡಿಕಲ್ ಕೊನೇ ವರ್ಷ. ಇಲ್ಲಿ ಮೇಜರ್ ಬೇರೆ, ಪ್ರೀಮೆಡ್‌ಗೆ ಬೇಕಾದ ಕೋರ್ಸುಗಳು ಬೇರೆ. ಬಯಾಲಜಿ ಎರಡು ಸೆಮಿಸ್ಟರ್, ಜನರಲ್ ಕೆಮಿಸ್ಟ್ರಿ ಎರಡು, ಆರ್ಗ್ಯಾನಿಕ್ ಒಂದು ಅಥವಾ ಎರಡು, ಫಿಸಿಕ್ಸ್ ಎರಡು, ಇವೆಲ್ಲ ಲ್ಯಾಬ್ ಸಮೇತ. ಮೇಲೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್. ಇಷ್ಟನ್ನು ಚೆನ್ನಾಗಿ ಮಾಡಿದರೆ ಮೇಜರ್ ಸಂಗೀತ ಆದರೂ ಸರಿ. ಕೆಲವು ಕಾಲೇಜುಗಳು ಇಂಥದ್ದೇ ಕೋರ್ಸು ಬೇಕು ಅನ್ನೋ ನಿಯಮವನ್ನೇ ತೆಗೆದಿವೆ. ಸ್ಟ್ಯಾನ್‌ಫರ್ಡ್ ಮೆಡಿಕಲ್‌ನಲ್ಲಿ ಶಿಫಾರಸು ಮಾತ್ರ ಇದೆ, ಕಡ್ಡಾಯ ಪಟ್ಟಿ ಇಲ್ಲ.

ಎಎಎಂಸಿ (ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ) ಪ್ರತಿ ವರ್ಷ ಮೇಜರ್‌ವಾರು ಪಟ್ಟಿ ಹಾಕುತ್ತದೆ. ಒಮ್ಮೆ ತೆಗೆದು ನೋಡಿ. ಅರ್ಜಿ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಬಯಾಲಜಿಯವರೇ. ಆದರೆ ಸೇರುವವರ ಪ್ರಮಾಣ ನೋಡಿದರೆ ಹ್ಯುಮಾನಿಟೀಸ್‌ನವರು ಹಿಂದೆ ಬಿದ್ದಿಲ್ಲ.

ಮಲೆನಾಡಿಗ_ಹ್ಯೂಸ್ಟನ್:
ಆ ಪಟ್ಟಿಯಿಂದ ಹಾಗೆ ಹೇಳಲು ಬರುವುದಿಲ್ಲ. ಹಿಸ್ಟರಿ ಓದಿ ಮೆಡಿಕಲ್‌ಗೆ ಅರ್ಜಿ ಹಾಕುವವರು ಕಡಿಮೆ, ಹಾಕುವವರೆಲ್ಲ ಗಟ್ಟಿ ಮಕ್ಕಳು. ಬಯಾಲಜಿಯಿಂದ ಎಲ್ಲಾ ಬಗೆಯವರೂ ಹಾಕುತ್ತಾರೆ. ಮೇಜರ್‌ನಿಂದಾಗಿ ಸೀಟು ಸಿಕ್ಕಿತು ಅನ್ನೋದಕ್ಕೆ ಅದು ಪುರಾವೆ ಅಲ್ಲ.

ರಂಗೋಲಿ:
ಅದು ಸರಿ ಸರ್, ಒಪ್ಪಿದೆ. ಆದರೆ ಮೇಜರ್‌ನಿಂದಾಗಿ ಸೀಟು ತಪ್ಪುವುದಿಲ್ಲ ಅನ್ನೋದಕ್ಕಂತೂ ಅದು ಪುರಾವೆ. ನ್ಯೂಯಾರ್ಕಿನ ಮೌಂಟ್ ಸಿನಾಯ್‌ನದು ಇನ್ನೊಂದು ಉದಾಹರಣೆ. 1987ರಲ್ಲೇ ಅವರು ಹ್ಯುಮಾನಿಟೀಸ್ ಮಕ್ಕಳಿಗೆ ಅಂತ ಬೇರೆ ದಾರಿ ಶುರು ಮಾಡಿದರು. ಕಾಲೇಜಿನ ಎರಡನೇ ವರ್ಷದಲ್ಲೇ ಆಯ್ಕೆ. ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಬೇಡ, ಆರ್ಗ್ಯಾನಿಕ್ ಬೇಡ. ಆ ಮಕ್ಕಳು ಹೇಗೆ ಓದಿದರು ಅಂತ 2010ರಲ್ಲಿ ಅಕಾಡೆಮಿಕ್ ಮೆಡಿಸಿನ್ ಪತ್ರಿಕೆಯಲ್ಲಿ ವರದಿ ಬಂತು. ಒಟ್ಟಾರೆ ಉಳಿದವರಿಗೆ ಸರಿಸಮ ಅಂತ.

ಬೆಣ್ಣೆದೋಸೆ_ಡಾಕ್ಟರ್:
ಆ ವರದಿಯನ್ನು ನಾನೂ ಓದಿದ್ದೇನೆ. ಸ್ಟೆಪ್ 1ರ (ಡಾಕ್ಟರ್ ಲೈಸೆನ್ಸಿನ ಮೊದಲ ಪರೀಕ್ಷೆ) ಅಂಕ ಸ್ವಲ್ಪ ಕಡಿಮೆ ಇತ್ತು ಅಂತಲೂ ಅದರಲ್ಲೇ ಇದೆ. ಪೂರ್ತಿ ಹೇಳಬೇಕು ಅಲ್ವಾ? ಆದರೂ ಅವರು ಒಳ್ಳೆಯ ಡಾಕ್ಟರುಗಳಾದರು, ಅದರಲ್ಲಿ ಎರಡು ಮಾತಿಲ್ಲ.

ನಾನು ದಾವಣಗೆರೆ ಜೆಜೆಎಂನಲ್ಲಿ ಎಂಬಿಬಿಎಸ್ ಮಾಡಿ ಬಂದವನು, ಈಗ ಮಿಷಿಗನ್‌ನಲ್ಲಿ ಇಂಟರ್ನಲ್ ಮೆಡಿಸಿನ್. ನಮ್ಮ ಕಾಲದಲ್ಲಿ ಪಿಯುಸಿ ಮುಗಿಯಿತು, ಸಿಇಟಿ ಬರೆದೆವು, ರ್‍ಯಾಂಕ್ ಬಂದ ಹಾಗೆ ಸೀಟು. ಯಾವ ಕೋರ್ಸು ಅಂತ ಯೋಚಿಸುವ ಪ್ರಸಂಗವೇ ಇರಲಿಲ್ಲ. ಅದೇ ಲೆಕ್ಕವನ್ನು ನಾವು ಇಲ್ಲಿಯ ಮಕ್ಕಳ ಮೇಲೆ ಹಾಕುತ್ತೇವೆ. ಇಲ್ಲಿ ಒಂದು ಪರೀಕ್ಷೆಯ ರ್‍ಯಾಂಕ್ ತೀರ್ಮಾನ ಮಾಡುವುದಿಲ್ಲ. ಜಿಪಿಎ, ಎಂಕ್ಯಾಟ್, ಆಸ್ಪತ್ರೆಯಲ್ಲಿ ಮಾಡಿದ ಸೇವೆ, ಪತ್ರಗಳು, ಪ್ರಬಂಧ, ಸಂದರ್ಶನ, ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ವರ್ಷಕ್ಕೆ 50 ಸಾವಿರಕ್ಕಿಂತ ಜಾಸ್ತಿ ಜನ ಎಂಡಿಗೆ ಅರ್ಜಿ ಹಾಕುತ್ತಾರೆ. ಸೇರುವವರು 22-23 ಸಾವಿರ. ಇಷ್ಟೊಂದು ಜನರಲ್ಲಿ ಆಂಥ್ರಪಾಲಜಿ ಓದಿದ ಹುಡುಗಿಗೆ ಸಂದರ್ಶನದಲ್ಲಿ ಮಾತಾಡಲು ಸ್ವಂತದ್ದು ಅಂತ ಏನಾದರೂ ಇರುತ್ತದೆ. ಅದು ಸಣ್ಣ ಲಾಭ ಅಲ್ಲ.

ತೆಂಗಿನಗರಿ:
ಹಾಗಿದ್ದರೆ ಇಷ್ಟೆಲ್ಲ ರಗಳೆ ಯಾಕೆ, ಊರಿಗೆ ಕಳಿಸಿದರೆ ಐದೂವರೆ ವರ್ಷಕ್ಕೆ ಎಂಬಿಬಿಎಸ್ ಮುಗಿಯುತ್ತದಲ್ಲ? ಮಣಿಪಾಲದಲ್ಲಿ ಎಷ್ಟೋ ಅಮೆರಿಕದ ಮಕ್ಕಳು ಓದಿದ್ದಾರೆ.

ಬೆಣ್ಣೆದೋಸೆ_ಡಾಕ್ಟರ್:
ಓದಬಹುದು, ಆದರೆ ಮೊದಲು ನೀಟ್ ಬರೆಯಬೇಕು. 720 ಅಂಕದ ಪರೀಕ್ಷೆ, ಸಿಲಬಸ್ ಪೂರ್ತಿ ಬೇರೆ. ಇಲ್ಲಿಯ ಹೈಸ್ಕೂಲ್ ಓದಿನ ಜೊತೆ ಅದನ್ನೂ ಮಾಡುವುದು ಬಹಳ ಕಷ್ಟ. ಅಮೆರಿಕದಲ್ಲಿ ಹುಟ್ಟಿ 2021ರ ಮಾರ್ಚ್ ಅಧಿಸೂಚನೆ ಬಂದ ಮೇಲೆ ಒಸಿಐ ಕಾರ್ಡ್ ಪಡೆದ ಮಕ್ಕಳು ಎನ್‌ಆರ್‌ಐ ಸೀಟಿಗೆ ಮಾತ್ರ ಅರ್ಹರು, ಅದರ ಫೀಸೇ ಬೇರೆ. ಓದಿ ವಾಪಸ್ ಬಂದ ಮೇಲೆ ರೆಸಿಡೆನ್ಸಿ ಮ್ಯಾಚ್, ಅಂದರೆ ಆಸ್ಪತ್ರೆ ತರಬೇತಿಯ ಸೀಟು ಹಂಚಿಕೆ, ನೋಡಿ. ಇಲ್ಲಿಯ ಎಂಡಿ ಸೀನಿಯರ್‌ಗಳಿಗೆ ನೂರಕ್ಕೆ 93ರ ಆಸುಪಾಸು ಸಿಗುತ್ತದೆ. ಹೊರಗಿನ ಕಾಲೇಜಿನಿಂದ ಬಂದವರಿಗೆ ಅದಕ್ಕಿಂತ ಬಹಳ ಕಡಿಮೆ. ಸ್ಟೆಪ್ 1 ಕೂಡ 2022ರ ಜನವರಿಯಿಂದ ಬರೀ ಪಾಸ್-ಫೇಲ್. ಮೊದಲು ನಮ್ಮಂಥವರು ಆ ಅಂಕ ತೋರಿಸಿಯೇ ಒಳಗೆ ಬರುತ್ತಿದ್ದೆವು. ಡಾಕ್ಟರಾಗಿ ಇಲ್ಲೇ ಇರಬೇಕು ಅಂತಿದ್ದರೆ ಇಲ್ಲೇ ಓದುವುದು ಮೇಲು.

ನಿರ್ವಾಹಕ:
ಊರಿನ ಎಂಬಿಬಿಎಸ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಕೋರ್ಸ್ ಆಯ್ಕೆಗೆ ಬನ್ನಿ.

ಗಣಿತಮೇಷ್ಟ್ರು:
ಆಸ್ಟಿನ್ ಹತ್ತಿರ ಒಂದು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ನನ್ನ ಕ್ಲಾಸಲ್ಲಿ ಅರ್ಧಕ್ಕರ್ಧ ಪ್ರೀಮೆಡ್ ಮಕ್ಕಳು. ಜಿಪಿಎ ಲೆಕ್ಕ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಿಲ್ಲದೆ ಕೋರ್ಸ್ ಆರಿಸಬೇಡಿ.

ಆಮ್ಕಾಸ್‌ನಲ್ಲಿ ಎರಡು ಜಿಪಿಎ ಮುಖ್ಯ. ಒಂದು ಒಟ್ಟು ಜಿಪಿಎ, ಇನ್ನೊಂದು ಸೈನ್ಸ್ ಜಿಪಿಎ, ಅದನ್ನು ಬಿಸಿಪಿಎಂ ಅನ್ನುತ್ತಾರೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್. ಸ್ಟ್ಯಾಟಿಸ್ಟಿಕ್ಸ್ ಮ್ಯಾಥ್‌ಗೆ ಸೇರುತ್ತದೆ, ನ್ಯೂರೋಸೈನ್ಸ್ ಬಯಾಲಜಿಗೆ ಸೇರುತ್ತದೆ. ಸೈಕಾಲಜಿ, ಸೋಷಿಯಾಲಜಿ ಸೈನ್ಸ್ ಜಿಪಿಎಗೆ ಸೇರುವುದಿಲ್ಲ. ಇಂಜಿನಿಯರಿಂಗ್ ಕೋರ್ಸುಗಳೂ ಸೇರುವುದಿಲ್ಲ. ಬಯೋಮೆಡಿಕಲ್ ಇಂಜಿನಿಯರಿಂಗ್ ಮಾಡುವ ಮಕ್ಕಳಿಗೆ ಇದು ಬಹಳ ತಡವಾಗಿ ತಿಳಿಯುತ್ತದೆ. ಥರ್ಮೊಡೈನಮಿಕ್ಸ್‌ನಲ್ಲಿ ಬೆವರು ಸುರಿಸಿ ತಂದ ಎ ಸೈನ್ಸ್ ಜಿಪಿಎಗೆ ಬರುವುದಿಲ್ಲ, ಅದೇ ಬಿಡುವಿಲ್ಲದ ಸೆಮಿಸ್ಟರ್‌ನಲ್ಲಿ ಆರ್ಗ್ಯಾನಿಕ್‌ನಲ್ಲಿ ಬಂದ ಬಿ ಮೈನಸ್ ಮಾತ್ರ ಬರುತ್ತದೆ.

ಕೋರ್ಸ್ ರಿಪೀಟ್ ಮಾಡಿದರೂ ಹಳೆಯ ಗ್ರೇಡ್ ಅಳಿಯುವುದಿಲ್ಲ. ಯೂನಿವರ್ಸಿಟಿ ತನ್ನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹಳೆಯದನ್ನು ಬಿಟ್ಟು ಲೆಕ್ಕ ಹಾಕಬಹುದು. ಆಮ್ಕಾಸ್ ಎರಡನ್ನೂ ಸೇರಿಸುತ್ತದೆ. ಡಿಒ (ಎಂಡಿಗೆ ಸಮನಾದ ಆಸ್ಟಿಯೋಪಥಿಕ್ ಡಿಗ್ರಿ) ಕಾಲೇಜುಗಳ ಅರ್ಜಿಯಲ್ಲಿ ಮೊದಲು ಹೊಸ ಗ್ರೇಡ್ ಮಾತ್ರ ತೆಗೆದುಕೊಳ್ಳುತ್ತಿದ್ದರು, 2017ರಲ್ಲಿ ಅದೂ ನಿಂತಿತು.

ಟೆಕ್ಸಸ್‌ನವರಿಗೆ ಒಂದು ಅನುಕೂಲ ಇದೆ. ಇಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಟಿಎಂಡಿಎಸ್‌ಎಎಸ್ ಅಂತ ಬೇರೆ ಅರ್ಜಿ. ಅದರಲ್ಲಿ ಪ್ಲಸ್ ಮೈನಸ್ ಲೆಕ್ಕಕ್ಕಿಲ್ಲ. ಎ ಮೈನಸ್ ಕೂಡ 4.0. ಆಮ್ಕಾಸ್‌ನಲ್ಲಿ ಅದೇ 3.7. ಹಾಗೇ ಬಿ ಪ್ಲಸ್ ಬಂದವರಿಗೆ ಇಲ್ಲಿ ನಷ್ಟ, 3.3 ಹೋಗಿ 3.0 ಆಗುತ್ತದೆ.

ಹೇಮಾವತಿ_ಡಲ್ಲಾಸ್:
ಮೇಷ್ಟ್ರೇ, ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಒಂದು ಪ್ರಶ್ನೆ. ಹೈಸ್ಕೂಲಲ್ಲಿ ಇಂಗ್ಲಿಷ್ ಮತ್ತು ಹಿಸ್ಟರಿ ಡ್ಯುಯಲ್ ಕ್ರೆಡಿಟ್ ತೆಗೆದುಕೊಂಡಿದ್ದಳು, ಕಮ್ಯುನಿಟಿ ಕಾಲೇಜಿನ ಮೂಲಕ. ಹಿಸ್ಟರಿಯಲ್ಲಿ ಒಂದು ಬಿ ಇದೆ. ಅದು ಹೈಸ್ಕೂಲ್ ಗ್ರೇಡ್ ತಾನೇ?

ಗಣಿತಮೇಷ್ಟ್ರು:
ಅಲ್ಲ ಮೇಡಂ. ಡ್ಯುಯಲ್ ಕ್ರೆಡಿಟ್ ಕಾಲೇಜು ಗ್ರೇಡ್. ಎರಡೂ ಅರ್ಜಿಯಲ್ಲಿ ಸೇರುತ್ತದೆ, ಆ ಕಮ್ಯುನಿಟಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಕೂಡ ಕಳಿಸಬೇಕು. ಒಂದು ಬಿಗೆ ಹೆದರಬೇಡಿ, ಅದು ಸೈನ್ಸ್ ಕೂಡ ಅಲ್ಲ. ಚಿಕ್ಕ ತರಗತಿಯ ಮಕ್ಕಳಿರುವವರು ಮಾತ್ರ ಈಗಲೇ ಗಮನಿಸಿ. 16 ವರ್ಷದ ಮಗು ಸುಮ್ನೆ ಕ್ರೆಡಿಟ್ ಉಳಿಯುತ್ತದೆ ಅಂತ ಕಾಲೇಜು ಕೆಮಿಸ್ಟ್ರಿ ತೆಗೆದುಕೊಂಡು ಸಿ ತಂದರೆ ಅದು ಡಾಕ್ಟರ್ ಅರ್ಜಿಯವರೆಗೂ ಜೊತೆಗೇ ಬರುತ್ತದೆ. ಎಪಿಗೆ ಆ ಭಯ ಇಲ್ಲ. ಕ್ರೆಡಿಟ್ ಬರುತ್ತದೆ, ಗ್ರೇಡ್ ಬರುವುದಿಲ್ಲ, ಹಾಗಾಗಿ ಜಿಪಿಎಗೆ ಏರೂ ಇಲ್ಲ ಇಳಿತವೂ ಇಲ್ಲ.

ತುಂಗಾ_ಪ್ಲೇನೋ:
ಅಯ್ಯೋ, ನನ್ನ ಮಗ ಹತ್ತನೇ ಕ್ಲಾಸು. ಕೌನ್ಸೆಲರ್ ಡ್ಯುಯಲ್ ಕ್ರೆಡಿಟ್ ಬಯಾಲಜಿ ಹಾಕಿಸಿ ಅಂದಿದ್ದರು. ಇದನ್ನು ಯಾರೂ ಹೇಳಲಿಲ್ಲ.

ರಂಗೋಲಿ:
ಎಪಿ ಕ್ರೆಡಿಟ್ ಬಳಸುವ ಮುನ್ನ ಎಚ್ಚರ. ಕೆಲವು ಮೆಡಿಕಲ್ ಕಾಲೇಜುಗಳು ಎಪಿಯನ್ನು ಒಪ್ಪುವುದಿಲ್ಲ, ಕೆಲವು ಒಪ್ಪಿದರೂ ಅದೇ ವಿಷಯದಲ್ಲಿ ಮೇಲಿನ ಹಂತದ ಕೋರ್ಸು ಮಾಡಿರಬೇಕು ಅನ್ನುತ್ತವೆ. ಎಎಎಂಸಿಯ ಎಂಎಸ್‌ಎಆರ್ ಅಂತ ಒಂದು ಡೇಟಾಬೇಸ್ ಇದೆ, ದುಡ್ಡು ಕಟ್ಟಬೇಕು, ಆದರೆ ಪ್ರತಿ ಕಾಲೇಜಿನ ನಿಯಮ ಅಲ್ಲಿ ಸಿಗುತ್ತದೆ. ನಮ್ಮ ಕಡೆ ಎಲ್ಲರೂ ಕೇಳಿಸಿಕೊಂಡಿದ್ದನ್ನೇ ನಂಬುತ್ತಾರೆ, ತೆರೆದು ನೋಡುವವರು ಕಡಿಮೆ.

ಕಾಫಿತೋಟ:
ಟೆಕ್ಸಸ್‌ನಲ್ಲಿ ಎಪಿ ನಡೆಯುತ್ತದೆ, ಯೂನಿವರ್ಸಿಟಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೋರ್ಸಿನ ಹೆಸರು ಮತ್ತು ಅವರ್ಸ್ ನಮೂದಾಗಿರಬೇಕು, ಅಷ್ಟೇ. ಅಕ್ಕಾ, ನನ್ನ ಸಲಹೆ ಹೀಗೆ. ಕ್ಯಾಲ್ಕುಲಸ್‌ನ 5 ಬಳಸಿಕೊಂಡು ಅಲ್ಲಿಗೇ ಬಿಡಿ. ಕ್ಯಾಲ್ಕುಲಸ್ 2 ಯಾವ ಮೆಡಿಕಲ್ ಕಾಲೇಜಿಗೆ ಬೇಕು ಹೇಳಿ? ಆ ಜಾಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಮಾಡಲಿ, ಅದು ಟೆಕ್ಸಸ್‌ಗೂ ಬೇಕು, ಮುಂದೆ ಸಂಶೋಧನಾ ಲೇಖನ ಓದಲೂ ಬೇಕು. ಬಯಾಲಜಿಯ 5 ಕೂಡ ಬಳಸಲಿ, ಉಳಿದ ಜಾಗದಲ್ಲಿ ಮುಂದೆ ಜೆನೆಟಿಕ್ಸ್, ಫಿಸಿಯಾಲಜಿ ಮಾಡಲಿ. ಕೆಮಿಸ್ಟ್ರಿಯ 4 ಮಾತ್ರ ಬಳಸದೆ ಮೊದಲಿಂದ ಮಾಡಲಿ.

ಬೆಣ್ಣೆದೋಸೆ_ಡಾಕ್ಟರ್:
ಕೆಮಿಸ್ಟ್ರಿ ಒಪ್ಪಿದೆ. ಬಯಾಲಜಿ ಒಪ್ಪುವುದಿಲ್ಲ. ಮೊದಲ ವರ್ಷದ ಹುಡುಗಿ ನೇರ ಜೆನೆಟಿಕ್ಸ್‌ಗೆ ಹೋಗಿ ಮೂರನೇ ವರ್ಷದವರ ಜೊತೆ ಕೂತರೆ ಕರ್ವ್‌ನಲ್ಲಿ (ಉಳಿದವರಿಗೆ ಹೋಲಿಸಿ ಗ್ರೇಡ್ ಕೊಡುವುದು) ಅವಳೇ ಕೆಳಗೆ. ಗೊತ್ತಿರುವ ವಿಷಯದಲ್ಲಿ ಎ ಬರುವ ಅವಕಾಶ ಯಾಕೆ ಬಿಡಬೇಕು?

ಕಾಫಿತೋಟ:
ಡಾಕ್ಟರೇ, ಮೊದಲ ವರ್ಷವೇ ಅಂದಿಲ್ಲ, ಎರಡನೇ ವರ್ಷಕ್ಕೆ. ಗೊತ್ತಿರುವುದನ್ನೇ ಮತ್ತೆ ಕೇಳಲು 300 ಜನರ ಹಾಲ್‌ನಲ್ಲಿ ಕೂತರೆ ಓದುವ ಹುರುಪೇ ಹೋಗುತ್ತದೆ. ಎಷ್ಟೋ ಮಕ್ಕಳು ಇದು ನನಗೆ ಗೊತ್ತು ಅಂತ ಕ್ಲಾಸಿಗೆ ಹೋಗದೆ ಬಿ ತಂದಿದ್ದಾರೆ.

ಗಣಿತಮೇಷ್ಟ್ರು:
ಇಬ್ಬರೂ ಒಂದು ವಿಷಯ ಬಿಟ್ಟಿರಿ. ಎಪಿ ಕ್ರೆಡಿಟ್ ಕ್ಲೇಮ್ ಮಾಡಿ, ಆಮೇಲೆ ಅದೇ ಕೋರ್ಸ್ ಮತ್ತೆ ತೆಗೆದುಕೊಂಡರೆ ರಿಪೀಟ್ ಅಂತ ಬೀಳಬಹುದು. ಕೆಮಿಸ್ಟ್ರಿ ಮಾಡುವುದಾದರೆ ಆ ಎಪಿಯನ್ನು ಕ್ಲೇಮ್ ಮಾಡಲೇಬೇಡಿ. ಓರಿಯೆಂಟೇಶನ್‌ಗೆ ಮುಂಚೆ ಅಡ್ವೈಸರ್‌ಗೆ ಈಮೇಲ್ ಹಾಕಿ ಕೇಳಲಿ. ಮಗಳೇ ಹಾಕಲಿ, ನೀವಲ್ಲ. ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ ಫೆರ್ಪಾ ಕಾನೂನಿನ ಪ್ರಕಾರ ಅವಳ ಒಪ್ಪಿಗೆ ಇಲ್ಲದೆ ಯೂನಿವರ್ಸಿಟಿ ನಿಮಗೆ ಗ್ರೇಡ್ ಕೂಡ ತಿಳಿಸುವುದಿಲ್ಲ.

ಮೂರನೇ_ವರ್ಷ:
ನಮಸ್ಕಾರ ಆಂಟಿ. ನಾನೇ ಪ್ರೀಮೆಡ್, ಈಗ ಮೂರನೇ ವರ್ಷ, ಜನವರಿಯಲ್ಲಿ ಎಂಕ್ಯಾಟ್ ಬರೆಯುತ್ತಿದ್ದೇನೆ. ಕೋರ್ಸ್ ಯಾವುದು ಅನ್ನೋದಕ್ಕಿಂತ ಯಾವ ಅನುಕ್ರಮ ಅನ್ನೋದು ಜಾಸ್ತಿ ಮುಖ್ಯ ಅಂತ ನನಗೆ ಅನ್ನಿಸಿದೆ. ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್‌ಗೆ ಬಿಡುವುದಿಲ್ಲ, ಆರ್ಗ್ಯಾನಿಕ್ ಮುಗಿಯದೆ ಬಯೋಕೆಮ್‌ಗೆ ಬಿಡುವುದಿಲ್ಲ. ಇದು ಐದು ಸೆಮಿಸ್ಟರ್‌ಗಳ ಸಾಲು. ಒಂದು ತಪ್ಪಿದರೆ ಎಂಕ್ಯಾಟ್ ಮುಂದಕ್ಕೆ ಹೋಗುತ್ತದೆ, ಅರ್ಜಿಯೂ ಮುಂದಕ್ಕೆ. ಅದಕ್ಕೇ ಮೊದಲ ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿ ಇರಲೇಬೇಕು. ಫಿಸಿಕ್ಸ್ ಎಲ್ಲಿ ಬೇಕಾದರೂ ಕೂರುತ್ತದೆ.

ಎಂಕ್ಯಾಟ್ 2015ರಲ್ಲಿ ಬದಲಾಯಿತು. ಆಗ ಬಯೋಕೆಮಿಸ್ಟ್ರಿ, ಸೈಕಾಲಜಿ, ಸೋಷಿಯಾಲಜಿ ಸೇರಿಸಿದರು. ಎರಡು ಸೈನ್ಸ್ ಭಾಗಗಳಲ್ಲೂ ನೂರಕ್ಕೆ 25ರಷ್ಟು ಬಯೋಕೆಮ್. ಆದರೆ ಅದು ಮೊದಲ ಸೆಮಿಸ್ಟರ್‌ನ ಬಯೋಕೆಮ್ ಮಾತ್ರ, ಎರಡನೆಯದು ಬೇಕಿಲ್ಲ. ಆರ್ಗ್ಯಾನಿಕ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ, ಪರೀಕ್ಷೆಯಲ್ಲಿ ಅದರ ಪಾಲು ಒಂದು ಭಾಗದಲ್ಲಿ 15, ಇನ್ನೊಂದರಲ್ಲಿ 5. ಇಡೀ ಒಂದು ಭಾಗ, 59 ಪ್ರಶ್ನೆ, ಸೈಕಾಲಜಿ ಸೋಷಿಯಾಲಜಿಯದು. ನಿಮ್ಮ ಮಗಳು ಆಂಥ್ರಪಾಲಜಿ ಓದಿದರೆ ಸಮಾಜ, ವರ್ಗ, ಸಂಸ್ಕೃತಿ ಇದೆಲ್ಲ ಅವಳಿಗೆ ದಿನದ ಮಾತಾಗಿರುತ್ತದೆ. ನಾವು ಬಯಾಲಜಿಯವರು ಅದನ್ನು ಫ್ಲ್ಯಾಶ್‌ಕಾರ್ಡ್ ಹಿಡಿದು ಉರು ಹೊಡೆಯುತ್ತಿದ್ದೇವೆ.

ಕಾರ್ಸ್ ಅಂತ ಒಂದು ಭಾಗ ಇದೆ, 53 ಪ್ರಶ್ನೆ. ತತ್ವಶಾಸ್ತ್ರ, ಕಲೆ, ಇತಿಹಾಸ, ರಾಜಕೀಯದ ಲೇಖನ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಓದಿ ಕಲಿಯುವ ಸಿಲಬಸ್ ಇಲ್ಲ. ನನ್ನ ಜೊತೆಯ ಬಯೋಕೆಮಿಸ್ಟ್ರಿ ಮೇಜರ್‌ಗಳು ಒದ್ದಾಡುವುದು ಇಲ್ಲೇ. ಉದ್ದದ ಕಷ್ಟದ ಬರಹಗಳನ್ನು ವಾರಾವಾರ ಓದಿಸುವ ಕೋರ್ಸು ಮಾಡಿದವರು ಇಲ್ಲಿ ಮುಂದೆ ಇರುತ್ತಾರೆ. ಅಂಕಲ್‌ಗೆ ಇದೊಂದು ಮಾತು ಹೇಳಿ ಆಂಟಿ, ಪ್ಲೀಸ್.

ಮಲೆನಾಡಿಗ_ಹ್ಯೂಸ್ಟನ್:
ಈ ಕಾರ್ಸ್ ವಿಷಯ ನಿಜ. ನನ್ನ ಮಗನೂ ಎರಡು ಸಲ ಬರೆದ, ಎರಡೂ ಸಲ ಅದೇ ಭಾಗ ಕೆಳಗೆಳೆಯಿತು. ಅವನು ಬಯೋಮೆಡಿಕಲ್ ಇಂಜಿನಿಯರಿಂಗ್. ಆದರೂ ಅವನು ಆ ಮೇಜರ್ ಮಾಡಿದ್ದು ಸರಿಯೇ ಅನ್ನುತ್ತೇನೆ, ಮೆಡಿಕಲ್ ಸಿಗದಿದ್ದರೆ ಕೈಯಲ್ಲಿ ಕೆಲಸ ಇರುತ್ತದೆ. ಆಂಥ್ರಪಾಲಜಿ ಓದಿ ಸೀಟು ಸಿಗದಿದ್ದರೆ ಮುಂದೇನು? ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆ ವರ್ಷ ಸೀಟು ಸಿಗುವುದಿಲ್ಲ ಅಂತ ಡಾಕ್ಟರೇ ಲೆಕ್ಕ ಕೊಟ್ಟಿದ್ದಾರಲ್ಲ. ಇದನ್ನು ಯಾರೂ ಮಾತಾಡುತ್ತಿಲ್ಲ.

ರಂಗೋಲಿ:
ಇದು ನ್ಯಾಯವಾದ ಪ್ರಶ್ನೆ. ಆದರೆ ಬರೀ ಬಯಾಲಜಿ ಡಿಗ್ರಿಗೂ ದೊಡ್ಡ ಕೆಲಸ ಕಾದು ಕೂತಿಲ್ಲ. ಆಂಥ್ರಪಾಲಜಿ ಜೊತೆ ಸ್ಟ್ಯಾಟಿಸ್ಟಿಕ್ಸ್, ಪಬ್ಲಿಕ್ ಹೆಲ್ತ್ ಮೈನರ್ ಇದ್ದರೆ ಆರೋಗ್ಯ ಇಲಾಖೆಗಳಲ್ಲಿ, ಆಸ್ಪತ್ರೆ ಸಂಶೋಧನೆಗಳಲ್ಲಿ ಅವಕಾಶ ಇದೆ. ಈಗ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಂದು ವರ್ಷವಾದರೂ ಗ್ಯಾಪ್ ತೆಗೆದುಕೊಂಡು ಇಂಥ ಕೆಲಸ ಮಾಡಿ ಬರುತ್ತಾರೆ. ನಮ್ಮವರಿಗೆ ಗ್ಯಾಪ್ ಅಂದರೆ ಫೇಲ್ ಅಂತ ಅರ್ಥ, ಇಲ್ಲಿ ಹಾಗಿಲ್ಲ.

ಕೃಷ್ಣಾತೀರ:
ವಿಷಯಕ್ಕೆ ಹತ್ತಿರ ಅಂತ ಕೇಳುತ್ತಿದ್ದೇನೆ. ಮಗ ಹನ್ನೊಂದನೇ ಕ್ಲಾಸು, ಎಚ್4 ವೀಸಾ (ನಮ್ಮ ಕೆಲಸದ ವೀಸಾದ ಅವಲಂಬಿತ), ನಮ್ಮ ಗ್ರೀನ್ ಕಾರ್ಡ್ ಸಾಲಿನಲ್ಲಿದೆ. ಅವನಿಗೂ ಪ್ರೀಮೆಡ್ ಆಸೆ. ಯಾವ ಕೋರ್ಸು ಹಾಕಿಸಿದರೆ ಒಳ್ಳೆಯದು?

ಬೆಣ್ಣೆದೋಸೆ_ಡಾಕ್ಟರ್:
ಕೃಷ್ಣಾತೀರ ಅವರೇ, ನಿಮಗೆ ನೇರವಾಗಿ ಹೇಳಬೇಕು. ನಿಮ್ಮ ಮಗನ ವಿಷಯದಲ್ಲಿ ಕೋರ್ಸಿಗಿಂತ ವೀಸಾ ದೊಡ್ಡದು. ಬಹುಪಾಲು ಮೆಡಿಕಲ್ ಕಾಲೇಜುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇಲ್ಲದವರ ಅರ್ಜಿ ನೋಡುವುದೇ ಇಲ್ಲ. ನೋಡುವ ಕೆಲವು ಕಾಲೇಜುಗಳು ನಾಲ್ಕೂ ವರ್ಷದ ಫೀಸನ್ನು ಮೊದಲೇ ಎಸ್ಕ್ರೋ (ಮೂರನೆಯವರ ವಶದಲ್ಲಿರುವ) ಖಾತೆಯಲ್ಲಿ ಇಡಿ ಅನ್ನುವುದುಂಟು. ಫೆಡರಲ್ ಸಾಲವೂ ಸಿಗುವುದಿಲ್ಲ. 21 ತುಂಬಿದರೆ ಎಚ್4 ಹೋಗಿ ಎಫ್1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು, ಅದು ಕಾಲೇಜಿನ ಮೂರನೇ ವರ್ಷದ ಹೊತ್ತಿಗೇ ಬರುತ್ತದೆ. ಹೆದರಿಸಲು ಹೇಳುತ್ತಿಲ್ಲ. ಆಸೆ ಬಿಡಿಸಬೇಡಿ, ಆದರೆ ಮೇಜರ್ ಮಾತ್ರ ತನ್ನ ಕಾಲ ಮೇಲೆ ನಿಲ್ಲುವಂಥದ್ದು ಇರಲಿ. ಕಂಪ್ಯೂಟೇಶನಲ್ ಬಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್ ಹಾಗೆ. ಪ್ರೀಮೆಡ್ ಕೋರ್ಸುಗಳು ಅದರ ಜೊತೆ ಬಹಳಷ್ಟು ಸೇರಿಕೊಳ್ಳುತ್ತವೆ. ಕಾರ್ಡ್ ಬಂದರೆ ಅರ್ಜಿ ಹಾಕಲಿ.

ಕೃಷ್ಣಾತೀರ:
ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಧನ್ಯವಾದ ಡಾಕ್ಟರೇ.

ತುಂಗಾ_ಪ್ಲೇನೋ:
ಇಲ್ಲಿ ಡಲ್ಲಾಸ್ ಸುತ್ತ ಹೀಗಿರುವ ಮನೆಗಳು ಎಷ್ಟೋ ಇವೆ. ಮಕ್ಕಳು ಕಾಲೇಜು ಮೂರನೇ ವರ್ಷದಲ್ಲಿ ಇದು ತಿಳಿದು ಅತ್ತಿದ್ದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕಾಫಿತೋಟ:
ಫೀಸಿನ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ಗ್ರ್ಯಾಡ್ ಪ್ಲಸ್ ಅನ್ನುವ ಫೆಡರಲ್ ಸಾಲ 2026ರ ಜುಲೈಯಿಂದ ಹೊಸಬರಿಗೆ ಇಲ್ಲ. ಮೆಡಿಕಲ್ ಮಕ್ಕಳಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್‌ಗೆ ಮಿತಿ. ಖಾಸಗಿ ಕಾಲೇಜಿಗೆ ಇದು ಸಾಲುವುದಿಲ್ಲ. ಟೆಕ್ಸಸ್ ಸರ್ಕಾರಿ ಕಾಲೇಜುಗಳ ಫೀಸು ಕಡಿಮೆ, ಮೇಲೆ ನೂರಕ್ಕೆ 90 ಸೀಟು ರಾಜ್ಯದವರಿಗೇ. ಹಾಗಾಗಿ ಅಕ್ಕಾ, ಮಗಳ ಕೋರ್ಸ್ ಪಟ್ಟಿಯನ್ನು ಮೊದಲು ಟಿಎಂಡಿಎಸ್‌ಎಎಸ್ ಪಟ್ಟಿಗೆ ಹೊಂದಿಸಿ, ಆಮೇಲೆ ಉಳಿದದ್ದು.

ರಂಗೋಲಿ:
ಪತ್ರಗಳ ಬಗ್ಗೆ ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ ಇಬ್ಬರು ಸೈನ್ಸ್ ಪ್ರೊಫೆಸರ್, ಒಬ್ಬರು ಬೇರೆ ವಿಷಯದವರು ಶಿಫಾರಸು ಪತ್ರ ಕೊಡಬೇಕು. 300 ಜನರ ಕ್ಲಾಸಿನಲ್ಲಿ ಪ್ರೊಫೆಸರ್‌ಗೆ ಹೆಸರೂ ಗೊತ್ತಿರುವುದಿಲ್ಲ. ವರ್ಷಕ್ಕೆ ಒಂದಾದರೂ 20-25 ಜನರ ಕೋರ್ಸು ಇರಲಿ. ಆಫೀಸ್ ಅವರ್ಸ್‌ಗೆ ಹೋಗಲಿ. ನಮ್ಮ ಮಕ್ಕಳಿಗೆ ಮೇಷ್ಟ್ರ ಹತ್ತಿರ ಹೋಗಿ ಮಾತಾಡುವ ರೂಢಿ ಮನೆಯಿಂದ ಬಂದಿರುವುದಿಲ್ಲ, ಇದನ್ನು ಹೇಳಿಕೊಡಬೇಕು. ನನ್ನ ಮಗಳ ಅತ್ಯುತ್ತಮ ಪತ್ರ ಬಂದಿದ್ದು ಒಂದು ಸಣ್ಣ ಹಿಸ್ಟರಿ ಸೆಮಿನಾರ್‌ನಿಂದ.

ಮೂರನೇ_ವರ್ಷ:
ಟೆಕ್ಸಸ್‌ನಲ್ಲಿ ಸ್ಪ್ಯಾನಿಷ್ ಕೂಡ ನೋಡಿ ಆಂಟಿ. ಫ್ರೀ ಕ್ಲಿನಿಕ್‌ನಲ್ಲಿ ನಾನು ಸಹಾಯ ಮಾಡುತ್ತೇನೆ, ಸ್ಪ್ಯಾನಿಷ್ ಬರುವವರಿಗೆ ರೋಗಿಗಳ ಜೊತೆ ನಿಜವಾದ ಕೆಲಸ ಸಿಗುತ್ತದೆ. ಅರ್ಜಿಯಲ್ಲಿ ಯಾವ ಭಾಷೆ ಎಷ್ಟು ಬರುತ್ತದೆ ಅಂತ ಕೇಳುತ್ತಾರೆ, ಅಲ್ಲಿ ಕನ್ನಡವನ್ನೂ ಬರೆಯಬಹುದು.

ಹೇಮಾವತಿ_ಡಲ್ಲಾಸ್:
ಇಡೀ ಚರ್ಚೆಯನ್ನು ಮನೆಯಲ್ಲಿ ಓದಿ ಹೇಳಿದೆ. ಕಾರ್ಸ್ ವಿಷಯ ಮತ್ತು ಐದು ಸೆಮಿಸ್ಟರ್ ಸಾಲಿನ ವಿಷಯ ಯಜಮಾನರಿಗೆ ನಾಟಿತು. ಮೇಜರ್ ಬಗ್ಗೆ ಅವರು ಇನ್ನೂ ಒಪ್ಪಿಲ್ಲ, ಮೊದಲ ವರ್ಷ ನೋಡೋಣ ಅಂದಿದ್ದಾರೆ. ಮಗಳು ಹೊಸ ಪಟ್ಟಿ ಮಾಡಿದ್ದಾಳೆ. ಜನರಲ್ ಕೆಮಿಸ್ಟ್ರಿ 3, ಲ್ಯಾಬ್ 1, ಸ್ಟ್ಯಾಟಿಸ್ಟಿಕ್ಸ್ 3, ಆಂಥ್ರಪಾಲಜಿ 3, ಸೈಕಾಲಜಿ 3, ಫ್ರೆಶ್‌ಮನ್ ಸೆಮಿನಾರ್ 1. ಒಟ್ಟು 14. ಇಂಗ್ಲಿಷ್ ಡ್ಯುಯಲ್ ಕ್ರೆಡಿಟ್‌ನಲ್ಲಿ ಮುಗಿದಿದೆ. ಇದು ಸರಿಯಾ?

ಗಣಿತಮೇಷ್ಟ್ರು:
ಚೆನ್ನಾಗಿದೆ. ಎರಡು ತಿದ್ದುಪಡಿ. ಸ್ಟ್ಯಾಟಿಸ್ಟಿಕ್ಸ್ ಕೋರ್ಸು ಬಿಸಿನೆಸ್ ವಿಭಾಗದಲ್ಲೂ ಇರುತ್ತದೆ, ಸೈಕಾಲಜಿ ವಿಭಾಗದಲ್ಲೂ ಇರುತ್ತದೆ. ಮ್ಯಾಥ್ ಅಥವಾ ಸ್ಟ್ಯಾಟಿಸ್ಟಿಕ್ಸ್ ವಿಭಾಗದ್ದನ್ನೇ ತೆಗೆದುಕೊಳ್ಳಲಿ, ಆಮೇಲೆ ಯಾವ ತಕರಾರೂ ಬರುವುದಿಲ್ಲ. ಎರಡನೆಯದು, ಇಂಗ್ಲಿಷ್ ಟೆಕ್ಸಸ್‌ಗೆ ಸಾಕು, ಹೊರಗಿನ ಕೆಲವು ಕಾಲೇಜುಗಳು ಇನ್ನೂ ಬರವಣಿಗೆಯ ಕೋರ್ಸು ಕೇಳುತ್ತವೆ. ಜಾಸ್ತಿ ಬರೆಸುವ ಆಂಥ್ರಪಾಲಜಿ ಕೋರ್ಸು ಮುಂದೆ ಒಂದು ಮಾಡಿದರೆ ಅದೂ ಮುಗಿಯುತ್ತದೆ.

ಮೂರನೇ_ವರ್ಷ:
ರಿಜಿಸ್ಟ್ರೇಶನ್ ತೆರೆದ ತಕ್ಷಣ ಕೆಮಿಸ್ಟ್ರಿ ಲ್ಯಾಬ್ ಸೆಕ್ಷನ್ ಮೊದಲು ಹಿಡಿಯಲು ಹೇಳಿ. ಮೊದಲು ಭರ್ತಿ ಆಗುವುದೇ ಅದು. ಉಳಿದ ಕ್ಲಾಸುಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಬಹುದು.

ಹೇಮಾವತಿ_ಡಲ್ಲಾಸ್:
ಲ್ಯಾಬ್ ಸಿಗದಿದ್ದರೆ ಲೆಕ್ಚರ್ ಮಾತ್ರ ಮಾಡಿ ಲ್ಯಾಬ್ ಮುಂದಿನ ಸೆಮಿಸ್ಟರ್‌ಗೆ ಇಟ್ಟುಕೊಳ್ಳಬಹುದಾ?

ಮೂರನೇ_ವರ್ಷ:
ಕೆಲವು ಯೂನಿವರ್ಸಿಟಿಯಲ್ಲಿ ಬಿಡುತ್ತಾರೆ, ಕೆಲವು ಕಡೆ ಎರಡೂ ಒಟ್ಟಿಗೇ ಮಾಡಬೇಕು. ವೇಟ್‌ಲಿಸ್ಟ್‌ಗೆ ಹೆಸರು ಹಾಕಿ ಕ್ಲಾಸ್ ಶುರುವಾಗುವ ವಾರದವರೆಗೂ ದಿನಾ ನೋಡುತ್ತಿರಲಿ. ಆ ವಾರ ತುಂಬಾ ಜನ ಡ್ರಾಪ್ ಮಾಡುತ್ತಾರೆ, ಸೀಟು ಖಾಲಿ ಆಗುತ್ತದೆ.